ಪ್ರಭುದೇವರು ಕಂಡ ಬಾಗಿಲು

ಕಾರವಾರ, ಅಂಕೋಲೆ ಕಡೆಯಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಉಳವಿಗೆ ಬರುವ ಭಕ್ತರಿಗೆ ದಾರಿಯುದ್ದಕ್ಕೂ ಕಾಡೇ ಕಾಡು. ಬಂದವರು ಶ್ರೀ ಚನ್ನಬಸವಣ್ಣನವರ ಸಮಾಧಿಗೆ ಕೈಮುಗಿದು, ಮಹಾಮನೆ ಗವಿ, ಆಕಳ ಗವಿ ನೋಡಿಕೊಂಡು ಹೋಗುತ್ತಾರೆ. ಆ ಗವಿಗಳ ಬಾಯಲ್ಲಿ ನಿಂತಾಗ ಇನ್ನೊಬ್ಬ ಮಹಾತ್ಮರ ನೆನಪೂ ಆಗಬೇಕು. ಚನ್ನಬಸವಣ್ಣನವರಿಗಿಂತ ಮೊದಲು ಕಲ್ಯಾಣದ ಶೂನ್ಯಸಿಂಹಾಸನ ಏರಿದ್ದ ಅಲ್ಲಮಪ್ರಭುದೇವರು ಅವರು. ಅವರ ಬದುಕು ತಿರುಗಿದ್ದೇ ಗಿಡಮರಗಳ ನಡುವೆ ಮಣ್ಣಲ್ಲಿ ಹೂತುಹೋಗಿದ್ದ ಒಂದು ಬಾಗಿಲಿನಿಂದ.

ಅದು 12ನೇ ಶತಮಾನ. ಊರು ಬಳ್ಳಿಗಾವಿ, ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ನಮ್ಮ ಜಿಲ್ಲೆಯ ಬನವಾಸಿಯಿಂದ ಬಹಳ ದೂರವೇನಲ್ಲ. ಅಲ್ಲಮ ಅಲ್ಲಿ ಮದ್ದಳೆ ಬಾರಿಸುವ ಹುಡುಗ. ಕೈಚಳಕ ಅಂದ್ರೆ ಅವನದೇ ಅಂತ ಊರೆಲ್ಲ ಹೊಗಳಿಕೆ. ಕಾಮಲತೆ ಎಂಬ ಚೆಲುವೆಯನ್ನು ಮೆಚ್ಚಿ ಕೈಹಿಡಿದ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲವಂತೆ. ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ. ಕಾಮಲತೆಗೆ ಜ್ವರ ಬಂತು, ತೀರಿಹೋದಳು.

ಮುಂದಿನದನ್ನು ಹರಿಹರ ಕವಿ ತನ್ನ ಪ್ರಭುದೇವರ ರಗಳೆಯಲ್ಲಿ ಹೇಳಿದ್ದಾನೆ. ಅಲ್ಲಮನಿಗೆ ಹುಚ್ಚು ಹಿಡಿದ ಹಾಗಾಯಿತು. ಮನೆ ಬೇಡ, ಮದ್ದಳೆ ಬೇಡ. ಎಲ್ಲೆಲ್ಲೋ ಅಲೆದು ಒಂದು ದಿನ ಊರ ಹೊರಗಿನ ತೋಪಿನಲ್ಲಿ ಬಂದು ಕೂತ. ದುಃಖದಲ್ಲಿರುವವರು ಸುಮ್ಮನೆ ನೆಲ ಕೆರೆಯುತ್ತಾ ಕೂರುವುದನ್ನು ನಾವೆಲ್ಲ ನೋಡಿದ್ದೇವಲ್ಲ, ಹಾಗೇ ಕಾಲುಗುರಿನಿಂದ ಮಣ್ಣು ಕೆರೆಯುತ್ತಿದ್ದ. ಮಣ್ಣು ಸರಿದಂತೆ ಏನೋ ಹೊಳೆಯಿತು. ನೋಡಿದರೆ ಚಿನ್ನದ ಕಳಸ!

ಕಳಸ ಇದ್ದ ಮೇಲೆ ಕೆಳಗೆ ಗುಡಿ ಇರಲೇಬೇಕು. ಆಳುಗಳನ್ನು ಕರೆಸಿ ಅಗೆಸಿದ. ಅಗೆದಷ್ಟೂ ಶಿಖರ ಇಳಿಯುತ್ತಾ ಹೋಯಿತು, ಕೊನೆಗೆ ಮುಚ್ಚಿದ ಬಾಗಿಲು ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಕಳಸ ಕಿತ್ತುಕೊಂಡು ಮನೆಗೆ ಹೋಗುತ್ತಿದ್ದರೇನೋ! ಅಲ್ಲಮ ಬಾಗಿಲನ್ನು ಕಾಲಿಂದ ಒದ್ದು ತೆಗೆದು ಒಳಗೆ ಕಾಲಿಟ್ಟ.

ಒಳಗೆ ನಿಧಿ ಇರಲಿಲ್ಲ. ಒಬ್ಬ ಯೋಗಿ ಕೂತಿದ್ದರು. ರೆಪ್ಪೆ ಮಿಟುಕಿಸದ ಅವರೇ ಅನಿಮಿಷಯ್ಯ. ಅಂಗೈ ಮೇಲೆ ಲಿಂಗ, ದೃಷ್ಟಿಯೆಲ್ಲ ಅದರ ಮೇಲೆ. ಅಲ್ಲಮ ನೋಡುತ್ತಾ ನಿಂತ ಹಾಗೇ ಆ ಲಿಂಗ ಅವನ ಕೈಗೆ ಬಂತು. ಲಿಂಗ ಕೈಬಿಟ್ಟ ಗಳಿಗೆಯಲ್ಲೇ ಅನಿಮಿಷಯ್ಯನವರ ಪ್ರಾಣ ಹೋಯಿತು. ಮಾತಿನ ಉಪದೇಶ ಒಂದೂ ಇಲ್ಲ. ಹೆಂಡತಿಯ ಸಾವು ಕಂಡು ಬಂದವನ ಕಣ್ಣೆದುರೇ ಇನ್ನೊಂದು ಸಾವು, ಆದರೆ ಈ ಸಲ ಕೈಯಲ್ಲಿ ಲಿಂಗವಿತ್ತು.

ಒಳಗೆ ಹೋದವನು ಮದ್ದಳೆಯ ಅಲ್ಲಮ, ಹೊರಗೆ ಬಂದವರು ಪ್ರಭುದೇವರು. ಮುಂದೆ ಅವರು ಹೇಳಿದ ಸಾವಿರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಅವುಗಳ ಅಂಕಿತ ಗುಹೇಶ್ವರ. ಗುಹೆಯ ಒಡೆಯ ಅಂತ ಅರ್ಥ.

ಸುಮಾರು 1430ರ ಹೊತ್ತಿಗೆ ಚಾಮರಸ ಕವಿ ಪ್ರಭುಲಿಂಗಲೀಲೆ ಬರೆದಾಗ ಕತೆ ಬೇರೆಯಾಯಿತು. ಅಲ್ಲಿ ಅಲ್ಲಮ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾರೆ, ರಾಜನ ಮಗಳಾಗಿ ಹುಟ್ಟಿದ ಮಾಯೆ ಅವರನ್ನು ಹಿಡಿಯಲಾರದೆ ಸೋಲುತ್ತಾಳೆ. ಬನವಾಸಿ ನಮ್ಮದೇ ಆದ್ದರಿಂದ ಈ ಕಡೆ ಆ ಕತೆಯ ಮೇಲೆ ಅಭಿಮಾನ ಜಾಸ್ತಿ. ಆದರೂ ಹರಿಹರನ ಅಲ್ಲಮನೇ ನಮಗೆ ಹತ್ತಿರ ಅನ್ನಿಸುತ್ತಾನೆ. ಅವನು ಅತ್ತವನು.

ಆಮೇಲೆ ಪ್ರಭುದೇವರು ಒಂದು ಕಡೆ ನಿಲ್ಲಲಿಲ್ಲ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಕೆಣಕಿ ಕಲ್ಯಾಣಕ್ಕೆ ಕರೆತಂದರು. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯನ್ನು ಕಠಿಣವಾಗಿ ಪ್ರಶ್ನಿಸಿ, ಕೊನೆಗೆ ಅವರೇ ತಲೆಬಾಗಿದರು. ಗೋರಕ್ಷನ ವಜ್ರದೇಹಕ್ಕೆ ಕತ್ತಿ ತಾಗಿದರೆ ಖಣ್ ಅಂತಿತ್ತಂತೆ. ಪ್ರಭುದೇವರ ದೇಹದಲ್ಲಿ ಅದೇ ಕತ್ತಿ ಗಾಳಿಯಲ್ಲಿ ಬೀಸಿದ ಹಾಗೆ ಹಾದುಹೋಯಿತು ಎಂಬ ಪ್ರತೀತಿ ಇದೆ. ಕೊನೆಗೆ ಶ್ರೀಶೈಲದ ಕದಳಿವನಕ್ಕೆ ಹೋಗಿ ಬಯಲಾದರು.

ಶೂನ್ಯಸಿಂಹಾಸನ ಚನ್ನಬಸವಣ್ಣನವರಿಗೆ ಬಂತು. 1167ರ ಸುಮಾರಿಗೆ ಕಲ್ಯಾಣದಲ್ಲಿ ಗಲಭೆ ಎದ್ದಾಗ ಅವರು ಶರಣರನ್ನು ಕರೆದುಕೊಂಡು, ವಚನದ ಕಟ್ಟುಗಳನ್ನು ಉಳಿಸಿಕೊಂಡು ಈ ಕಾಡಿಗೆ ಬಂದರೆಂದು ಭಕ್ತರ ನಂಬಿಕೆ. ಗುಹೇಶ್ವರನ ವಚನಗಳೂ ಅದರಲ್ಲಿದ್ದವು ಅನ್ನುತ್ತಾರೆ.

ಗವಿ ನೋಡಲು ಹೋಗುವವರು ಕೈಯಲ್ಲೊಂದು ಟಾರ್ಚ್ ಇಟ್ಟುಕೊಳ್ಳಿ. ಒಳಗೆ ಕತ್ತಲೆ, ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಹೋಗಬೇಕು.