ಡಾಕ್ಟರ್ ಪಲ್ಪು

1898ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹಾಂಗ್‌ಕಾಂಗಿನಿಂದ ಮುಂಬಯಿಗೂ, ಅಲ್ಲಿಂದ ಪುಣೆ, ಹುಬ್ಬಳ್ಳಿಗಳಿಗೂ ಹಬ್ಬಿದ ಆ ಮಾರಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದವರೊಡನೆ ನಗರವನ್ನು ಹೊಕ್ಕಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು; ಹಿಂದೆಯೇ ಜನರೂ ಸಾಯತೊಡಗಿದರು. ಮನೆಗಳಿಗೆ ಬೀಗ ಬಿದ್ದವು. ಅಂಗಡಿಗಳು ಮುಚ್ಚಿದವು. ಜನರು ಊರು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಹೀಗೆ ಎಲ್ಲರೂ ಓಡಿಹೋಗುತ್ತಿದ್ದ ಊರಿನೊಳಕ್ಕೆ ನಡೆದುಹೋದ ವೈದ್ಯರಲ್ಲಿ ಡಾಕ್ಟರ್ ಪಲ್ಪು ಒಬ್ಬರು.

ಪಲ್ಪು ಕನ್ನಡ ನಾಡಿನಲ್ಲಿ ಹುಟ್ಟಿದವರಲ್ಲ. ಅವರ ಜನನ 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟದಲ್ಲಿ, ಈಳವ ಕುಲದಲ್ಲಿ. ಅಂದಿನ ತಿರುವಾಂಕೂರಿನಲ್ಲಿ ಈಳವರಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ಸರಕಾರಿ ಉದ್ಯೋಗದ ಬಾಗಿಲಂತೂ ಇನ್ನೂ ಬಿಗಿಯಾಗಿ ಮುಚ್ಚಿತ್ತು. ವೈದ್ಯಶಿಕ್ಷಣಕ್ಕಾಗಿ ಪಲ್ಪು ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ಹೇಳಿದ ಕಾರಣ ವಯಸ್ಸು. ನಿಜವಾದ ಕಾರಣ ಜಾತಿ. ಛಲ ಬಿಡದ ತರುಣನು ಮದರಾಸಿಗೆ ಹೋಗಿ, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯನಾಗಿ ಹಿಂದಿರುಗಿದನು. ಆದರೂ ಹುಟ್ಟಿದ ಸಂಸ್ಥಾನದಲ್ಲಿ ಅವನಿಗೆ ಕೆಲಸ ದೊರೆಯಲಿಲ್ಲ. ತೇರ್ಗಡೆಯಾದ ವೈದ್ಯನೊಬ್ಬನು ರೋಗಿಗಳಿಂದ ತುಂಬಿದ ತನ್ನ ನಾಡಿಗೇ ಬೇಡವಾದನು!

ತವರು ನಿರಾಕರಿಸಿದವನನ್ನು ಮೈಸೂರು ಸಂಸ್ಥಾನ ಬರಮಾಡಿಕೊಂಡಿತು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕೆಲಸವು ಪಲ್ಪು ಅವರ ಪಾಲಿಗೆ ಬಂದಿತು. ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆದ ಲಸಿಕೆಯನ್ನು ಊರೂರಿಗೆ ಕಳುಹಿಸಬೇಕು. ಬಿಸಿಲಿನ ತಾಪಕ್ಕೆ ಅದು ಕೆಡದಂತೆ ನೋಡಿಕೊಳ್ಳಬೇಕು. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಜನರು ದಾಕು ಹಾಕಲು ಬಂದವರನ್ನು ಕಂಡರೆ ಮಕ್ಕಳನ್ನು ಬಚ್ಚಿಡುತ್ತಿದ್ದ ಕಾಲವದು. ಮುಂದೆ ಪಲ್ಪು ಇಂಗ್ಲೆಂಡಿಗೂ ಹೋಗಿ ಕೇಂಬ್ರಿಜ್ಜಿನಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಅರ್ಹತೆ ಪಡೆದರು.

ಪ್ಲೇಗಿನ ಸಮಯದಲ್ಲಿ ವೈದ್ಯರ ಕಷ್ಟ ಇಮ್ಮಡಿಯಾಗಿತ್ತು. ರೋಗಾಣುವನ್ನು 1894ರಲ್ಲಿಯೇ ಯೆರ್ಸಿನ್ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದರ ವಾಹಕವೆಂದು ಸಿಮಾಂಡನು ತೋರಿಸಿದ್ದು 1898ರಲ್ಲಿ. ಆ ಮಾತನ್ನು ಬಹುಮಂದಿ ವಿಜ್ಞಾನಿಗಳೇ ಇನ್ನೂ ನಂಬಿರಲಿಲ್ಲ. ಔಷಧವಿಲ್ಲದ ರೋಗವಾದ್ದರಿಂದ ರೋಗಿಗಳನ್ನು ಬೇರ್ಪಡಿಸುವುದು, ಮನೆಗಳನ್ನು ತೆರವು ಮಾಡಿಸುವುದು, ಹಾಫ್‌ಕಿನನ ಲಸಿಕೆ ಚುಚ್ಚುವುದು, ಇವಿಷ್ಟೇ ಉಪಾಯಗಳು. ಜನರಿಗೆ ಇವು ರೋಗಕ್ಕಿಂತ ಭಯಂಕರವಾಗಿ ತೋರಿದವು. ಪುಣೆಯಲ್ಲಿ 1897ರಲ್ಲಿ ಪ್ಲೇಗು ಅಧಿಕಾರಿ ರ್ಯಾಂಡನ ಕೊಲೆಯಾಗಿತ್ತು; ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿಯೂ ದಂಗೆ ಎದ್ದಿತು. ಜನರನ್ನು ದೂಷಿಸುವುದು ಸುಲಭ. ಆದರೆ ತಾಯಿಯಿಂದ ಮಗುವನ್ನು ಬೇರ್ಪಡಿಸಿ ಶಿಬಿರಕ್ಕೆ ಒಯ್ಯುವವನನ್ನು ಹಿತೈಷಿಯೆಂದು ಯಾರು ತಾನೆ ಭಾವಿಸಿಯಾರು? ಪಲ್ಪು ಇಂತಹ ಶಿಬಿರಗಳಲ್ಲಿ, ಹೆಣಗಳ ನಡುವೆ, ಪ್ರಾಣಭಯವನ್ನು ಬದಿಗಿಟ್ಟು ದುಡಿದರು. ಸ್ವಂತ ಊರಿನಲ್ಲಿ ಯಾವನ ಸ್ಪರ್ಶ ಮೈಲಿಗೆ ಎನಿಸಿತ್ತೋ ಆತನ ಕೈಯೇ ಇಲ್ಲಿ ಎಲ್ಲ ಜಾತಿಯ ರೋಗಿಗಳ ನಾಡಿ ಹಿಡಿಯಿತು.

ಅವರ ಮನೆಯಲ್ಲಿದ್ದುಕೊಂಡು ಬೆಂಗಳೂರಿನ ಸಂಸ್ಕೃತ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನು ಈ ಪ್ಲೇಗಿನ ದೆಸೆಯಿಂದ ಓದು ನಿಲ್ಲಿಸಿ ಊರು ಬಿಡಬೇಕಾಯಿತು. ಆತನೇ ಮುಂದೆ ಮಲಯಾಳದ ಮಹಾಕವಿಯಾದ ಕುಮಾರನ್ ಆಶಾನ್.

ತಮಗಾದ ಅನ್ಯಾಯವನ್ನು ಪಲ್ಪು ಮರೆಯಲಿಲ್ಲ; ಅದನ್ನು ಸ್ವಂತದ ದುಃಖವಾಗಿಯೂ ಉಳಿಸಿಕೊಳ್ಳಲಿಲ್ಲ. 1891ರ ಮಲಯಾಳಿ ಮನವಿಗೆ ಅವರೂ ಸಹಿ ಹಾಕಿದ್ದರು. 1896ರಲ್ಲಿ 13,176 ಮಂದಿ ಈಳವರ ಸಹಿಯೊಡನೆ, ಶಾಲೆಗಳಲ್ಲಿ ಪ್ರವೇಶವನ್ನೂ ಸರಕಾರಿ ಉದ್ಯೋಗವನ್ನೂ ಕೇಳುವ ಮನವಿಯನ್ನು ತಿರುವಾಂಕೂರಿನ ಅರಸರಿಗೆ ಅರ್ಪಿಸಿದರು. ಬೇಡಿಕೆ ಈಡೇರಲಿಲ್ಲ. ಬರಿಯ ಮನವಿಗಳಿಂದ ಫಲವಿಲ್ಲವೆಂದು ಆಗ ಅವರಿಗೆ ಮನವರಿಕೆಯಾಯಿತು. ಧರ್ಮದ ಹೆಸರಿನಲ್ಲಿ ತುಳಿಯಲ್ಪಟ್ಟ ಜನರು ಧರ್ಮಗುರುವೊಬ್ಬನ ಸುತ್ತ ಒಂದುಗೂಡಬೇಕೆಂಬ ಸಲಹೆಯನ್ನು ಅವರು ಸ್ವಾಮಿ ವಿವೇಕಾನಂದರಿಂದ ಪಡೆದಿದ್ದರೆನ್ನುತ್ತಾರೆ. ಅಂತಹ ಗುರು ಶ್ರೀ ನಾರಾಯಣ ಗುರುಗಳಲ್ಲಿ ದೊರೆತರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪಿತವಾಯಿತು. ಗುರುಗಳು ಅಧ್ಯಕ್ಷರು, ಆಶಾನರು ಕಾರ್ಯದರ್ಶಿ. ಬೆನ್ನೆಲುಬಾಗಿ ನಿಂತವರು ಪಲ್ಪು. ಶಾಲೆ, ದೇವಾಲಯಗಳ ಜೊತೆಗೆ ಕೈಕಸುಬುಗಳನ್ನೂ ಬೆಳೆಸಬೇಕೆಂಬುದು ಅವರ ಹಂಬಲ. 1905ರಲ್ಲಿ ಕೊಲ್ಲಂನಲ್ಲಿ ಯೋಗವು ಕೈಗಾರಿಕಾ ಪ್ರದರ್ಶನವನ್ನೇ ಏರ್ಪಡಿಸಿತು.

ಪಲ್ಪು ಅವರ ಮಗ ನಟರಾಜನು 1895ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವನು. ನಾರಾಯಣ ಗುರುಗಳ ಶಿಷ್ಯನಾಗಿ, ನಟರಾಜ ಗುರು ಎಂಬ ಹೆಸರಿನಿಂದ ದೇಶವಿದೇಶಗಳಲ್ಲಿ ಪ್ರಸಿದ್ಧನಾದನು.

ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರ್ 12ರ ಘೋಷಣೆಯಿಂದ. ಆಗ ಪಲ್ಪು ಅವರಿಗೆ ಎಪ್ಪತ್ತಮೂರು ವರ್ಷ. ಅವರು 1950ರ ಜನವರಿ 25ರಂದು ತೀರಿಕೊಂಡರು. ಮರುದಿನ ಭಾರತದ ಸಂವಿಧಾನವು ಜಾರಿಗೆ ಬಂದಿತು.