ರಕ್ತನಿಧಿಯ ಶಿಲ್ಪಿ ಚಾರ್ಲ್ಸ್ ಡ್ರೂ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅಪಘಾತದಲ್ಲೋ ಯುದ್ಧದಲ್ಲೋ ಗಾಯಗೊಂಡು ಅದರ ಅರ್ಧದಷ್ಟು ಹರಿದುಹೋದರೆ ಪ್ರಾಣ ಉಳಿಯುವುದು ಕಷ್ಟ. ಸೋರುವ ರಕ್ತವನ್ನು ತಡೆಯಬೇಕು. ಕಳೆದುಹೋದುದನ್ನು ಕೂಡಲೇ ತುಂಬಿಕೊಡಬೇಕು. ಆದರೆ ಆ ಗಳಿಗೆಯಲ್ಲಿ ರಕ್ತ ಎಲ್ಲಿಂದ ಬರಬೇಕು? ಅದನ್ನು ಇಡಿಯಾಗಿ ಕೊಡಬೇಕೆ, ಅದರ ಒಂದು ಅಂಶವನ್ನು ಕೊಟ್ಟರೆ ಸಾಕೆ? ಈ ಪ್ರಶ್ನೆಗಳಿಗೆ ಉತ್ತರ ಅರಸುತ್ತ ಬದುಕು ಸವೆಸಿದ ಶಸ್ತ್ರವೈದ್ಯರು ಡಾ. ಚಾರ್ಲ್ಸ್ ರಿಚರ್ಡ್ ಡ್ರೂ.

ಡ್ರೂ ಅವರು 1904ರ ಜೂನ್ 3ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಜನಿಸಿದರು. ತಂದೆ ಮನೆಗಳಿಗೆ ನೆಲಹಾಸು ಹಾಸುವ ಕೆಲಸದವರು. ತಾಯಿ ಶಿಕ್ಷಕಿಯಾಗಲು ತರಬೇತಿ ಪಡೆದವರು. ಕಪ್ಪು ಜನಾಂಗದವರಿಗೆ ಶಾಲೆ, ಆಸ್ಪತ್ರೆ, ಉದ್ಯೋಗಗಳಲ್ಲಿ ಅನೇಕ ಬಾಗಿಲುಗಳು ಮುಚ್ಚಿದ್ದ ಕಾಲವದು. ಹುಡುಗ ಡ್ರೂ ಆಟೋಟಗಳಲ್ಲಿ ಅಗ್ರಗಣ್ಯನಾಗಿದ್ದನು. ಆಮ್‌ಹರ್ಸ್ಟ್ ಕಾಲೇಜಿನಿಂದ 1926ರಲ್ಲಿ ಪದವಿ ಪಡೆದ ಮೇಲೆ ವೈದ್ಯಶಿಕ್ಷಣಕ್ಕೆ ಹಣ ಸಾಲದಾಯಿತು. ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ಅಧ್ಯಾಪಕರಾಗಿ ದುಡಿದು ಹಣ ಕೂಡಿಟ್ಟರು. ಬಳಿಕ ಕೆನಡಾದ ಮಾಂಟ್ರಿಯಲ್ ನಗರಕ್ಕೆ ಹೋಗಿ, ಮೆಕ್‌ಗಿಲ್ ವಿಶ್ವವಿದ್ಯಾನಿಲಯದಿಂದ 1933ರಲ್ಲಿ ವೈದ್ಯಪದವಿ ಗಳಿಸಿದರು.

ಅಲ್ಲಿ ಜಾನ್ ಬೀಟಿ ಎಂಬ ಗುರುಗಳ ಸಹವಾಸದಿಂದ ರಕ್ತಪೂರಣದಲ್ಲಿ ಅವರ ಆಸಕ್ತಿ ಬೆಳೆಯಿತು. ರಕ್ತ ಬೇಕಾದಾಗ ದಾನಿಯನ್ನು ಹುಡುಕಿ ತರುವುದೇ ಆಗಿನ ಸಾಮಾನ್ಯ ರೂಢಿ. ದಾನಿ ದೊರೆತು, ರಕ್ತದ ಗುಂಪು ಹೊಂದುವುದೆಂದು ಖಚಿತವಾಗುವಷ್ಟರಲ್ಲಿ ರೋಗಿಯ ಕಥೆ ಮುಗಿದಿರುವುದೂ ಉಂಟು. ರಕ್ತವನ್ನು ಮೊದಲೇ ಸಂಗ್ರಹಿಸಿಡುವ ಬಗೆ ಹೇಗೆ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1938ರಿಂದ ಡ್ರೂ ಅವರು ಜಾನ್ ಸ್ಕಡರ್ ಅವರೊಡನೆ ಇದೇ ಸಂಶೋಧನೆಗೆ ತೊಡಗಿದರು.

ರಕ್ತವು ಮೇಲ್ನೋಟಕ್ಕೆ ಒಂದೇ ದ್ರವವಾಗಿ ಕಂಡರೂ ಅದರಲ್ಲಿ ಹಲವು ಅಂಶಗಳಿವೆ. ಕೆಂಪು ರಕ್ತಕಣಗಳು ಆಮ್ಲಜನಕವನ್ನು ಹೊತ್ತೊಯ್ಯುತ್ತವೆ. ಕಿರುತಟ್ಟೆಗಳು ಗಾಯದ ಬಾಯಿಯಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಇವೆಲ್ಲವೂ ತೇಲುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಅದರಲ್ಲಿವೆ. ರಕ್ತನಾಳಗಳಲ್ಲಿ ದ್ರವದ ಪ್ರಮಾಣವನ್ನು ಕಾಪಾಡುವುದೂ ಅದೇ. ಇಡೀ ರಕ್ತವನ್ನು ತಂಪಿನಲ್ಲಿಟ್ಟರೂ ಕೆಂಪುಕಣಗಳು ಬೇಗ ಕೆಡುತ್ತಿದ್ದವು. ಪ್ಲಾಸ್ಮಾವನ್ನು ಬೇರ್ಪಡಿಸಿದರೆ ಹೆಚ್ಚು ಕಾಲ ಇಡಬಹುದಾಗಿತ್ತು, ದೂರಕ್ಕೆ ಸಾಗಿಸಬಹುದಾಗಿತ್ತು. ಈ ವಿಷಯಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ರಕ್ತದ ಸಂಗ್ರಹಣೆಯನ್ನು ಕುರಿತ ಪ್ರೌಢಪ್ರಬಂಧವನ್ನು ಡ್ರೂ 1940ರಲ್ಲಿ ರಚಿಸಿದರು. ಕೊಲಂಬಿಯಾದಿಂದ ವೈದ್ಯವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನರು ಅವರೇ.

ಆ ವೇಳೆಗೆ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ಹೊತ್ತಿ ಉರಿಯುತ್ತಿತ್ತು. ಬ್ರಿಟನ್ನಿನ ಗಾಯಾಳುಗಳಿಗಾಗಿ ಅಮೆರಿಕದಿಂದ ಪ್ಲಾಸ್ಮಾ ಕಳುಹಿಸುವ ಯೋಜನೆ 1940ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದರ ವೈದ್ಯಕೀಯ ಹೊಣೆ ಡ್ರೂ ಅವರ ಹೆಗಲೇರಿತು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಸಂಗ್ರಹವಾಗುವ ಪ್ಲಾಸ್ಮಾದಲ್ಲಿ ರೋಗಾಣು ಸೇರಿದರೆ ಔಷಧವೇ ವಿಷವಾಗುವ ಅಪಾಯವಿತ್ತು. ಡ್ರೂ ಅವರು ಎಲ್ಲ ಕಡೆಗೂ ಒಂದೇ ವಿಧಾನವನ್ನು, ಒಂದೇ ಪರೀಕ್ಷಾಕ್ರಮವನ್ನು ವಿಧಿಸಿದರು. ಯೋಜನೆ 1941ರ ಜನವರಿಯಲ್ಲಿ ಮುಗಿಯುವ ವೇಳೆಗೆ 14,000ಕ್ಕೂ ಹೆಚ್ಚು ಜನ ರಕ್ತದಾನ ಮಾಡಿದ್ದರು. 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ಸಂಗ್ರಹವಾಗಿತ್ತು.

ಅನಂತರ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ತನ್ನ ರಕ್ತನಿಧಿಗೆ ಡ್ರೂ ಅವರನ್ನು ನಿರ್ದೇಶಕರನ್ನಾಗಿ ಮಾಡಿತು. 1941ರ ವಸಂತದಲ್ಲಿ ಅವರು ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾನಿಲಯಕ್ಕೆ ಹಿಂತಿರುಗಿದರು. ಅದೇ ವರ್ಷದ ಕೊನೆಯಲ್ಲಿ, ಸೇನೆಗಾಗಿ ಸಂಗ್ರಹಿಸುವ ರಕ್ತವನ್ನು ಕಪ್ಪು ಜನರಿಂದ ಸ್ವೀಕರಿಸಬಾರದೆಂಬ ನೀತಿ ಪ್ರಕಟವಾಯಿತು. ಪ್ರತಿಭಟನೆಗಳು ಎದ್ದ ಮೇಲೆ 1942ರಲ್ಲಿ ಸ್ವೀಕರಿಸಲು ಒಪ್ಪಿದರಾದರೂ, ಅದನ್ನು ಬೇರೆಯಾಗಿಯೇ ಇಡತೊಡಗಿದರು. ರಕ್ತನಿಧಿಗೆ ಅಡಿಪಾಯ ಹಾಕಿದವರ ರಕ್ತವೇ ಅಲ್ಲಿ ಪಂಕ್ತಿಗೆ ಹೊರಗಾಯಿತು! ಮನುಷ್ಯರ ರಕ್ತದಲ್ಲಿ ಜನಾಂಗದ ಭೇದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಡ್ರೂ ಬಹಿರಂಗವಾಗಿ ಸಾರಿದರು. ಆ ಪದ್ಧತಿಯನ್ನು ರೆಡ್‌ಕ್ರಾಸ್ ಕೈಬಿಟ್ಟದ್ದು 1950ರಲ್ಲಿ.

ಯುದ್ಧಭೂಮಿ ಇನ್ನೊಂದು ಪಾಠವನ್ನೂ ಕಲಿಸಿತು. ಪ್ಲಾಸ್ಮಾ ಅಸಂಖ್ಯಾತ ಸೈನಿಕರ ಪ್ರಾಣ ಹಿಡಿದು ನಿಲ್ಲಿಸಿತಾದರೂ ಅದರಲ್ಲಿ ಆಮ್ಲಜನಕ ಹೊರುವ ಕೆಂಪುಕಣಗಳಿಲ್ಲ. ಬಹಳ ರಕ್ತ ಕಳೆದುಕೊಂಡವರಿಗೆ ಅದೊಂದೇ ಸಾಲದು, ಇಡೀ ರಕ್ತವೇ ಬೇಕೆಂದು ಶಸ್ತ್ರವೈದ್ಯ ಎಡ್ವರ್ಡ್ ಚರ್ಚಿಲ್ ಅವರು 1943ರಲ್ಲಿ ಉತ್ತರ ಆಫ್ರಿಕದ ರಣರಂಗದಿಂದ ಒತ್ತಾಯಿಸಿದರು. ಮರುವರ್ಷ ರಕ್ತದ ಸೀಸೆಗಳು ವಿಮಾನವೇರಿ ಅಟ್ಲಾಂಟಿಕ್ ಸಾಗರವನ್ನು ದಾಟಿದವು.

ಹೊವಾರ್ಡಿನಲ್ಲಿ ಡ್ರೂ ಅವರು ಕಪ್ಪು ಜನಾಂಗದ ತರುಣರನ್ನು ಸಮರ್ಥ ಶಸ್ತ್ರವೈದ್ಯರನ್ನಾಗಿ ರೂಪಿಸುವುದನ್ನೇ ವ್ರತವಾಗಿ ಕೈಗೊಂಡರು. 1950ರ ಏಪ್ರಿಲ್ 1ರಂದು ಸಂಗಡಿಗ ವೈದ್ಯರೊಡನೆ ಟಸ್ಕೀಗಿಗೆ ಹೋಗುತ್ತಿದ್ದಾಗ, ಉತ್ತರ ಕ್ಯಾರೊಲಿನಾದಲ್ಲಿ ಅವರ ಕಾರು ಉರುಳಿತು. ಆಗ ಅವರಿಗೆ 45 ವರ್ಷ. ಬಿಳಿಯರ ಆಸ್ಪತ್ರೆಯವರು ರಕ್ತ ಕೊಡಲು ನಿರಾಕರಿಸಿದ್ದರಿಂದ ಅವರು ಸತ್ತರೆಂಬ ಕಥೆ ಬಹುಕಾಲ ಹಬ್ಬಿತ್ತು. ಅದು ನಿಜವಲ್ಲ. ಅಲ್ಲಿನ ಬಿಳಿಯ ವೈದ್ಯರು ಅವರನ್ನು ಉಳಿಸಲು ಶಕ್ತಿಮೀರಿ ಶ್ರಮಿಸಿದರು. ಗಾಯಗಳು ವೈದ್ಯವಿದ್ಯೆಯ ಕೈಮೀರಿದ್ದವು. ಅಂತಹ ಕಥೆಯನ್ನು ಜನ ಸುಲಭವಾಗಿ ನಂಬಿದರೆಂಬುದೇ ಆ ಕಾಲದ ಅನ್ಯಾಯಕ್ಕೆ ಸಾಕ್ಷಿ.

ಮುಂದೆ, ದಾನವಾಗಿ ಬಂದ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಕಿರುತಟ್ಟೆಗಳಾಗಿ ಬೇರ್ಪಡಿಸುವುದು ವಾಡಿಕೆಯಾಯಿತು. ಒಬ್ಬರ ದಾನದಿಂದ ಹಲವು ರೋಗಿಗಳಿಗೆ ಉಪಕಾರವಾಯಿತು. ಆದರೆ ತೀವ್ರ ರಕ್ತಸ್ರಾವದ ಗಾಯಾಳು ಕಳೆದುಕೊಳ್ಳುವುದು ಈ ಎಲ್ಲವನ್ನೂ. ಆದ್ದರಿಂದ ಮೂರನ್ನೂ ಸರಿಸಮವಾಗಿ ಕೊಡುವ ಕ್ರಮ ಬಂದಿತು. 680 ಗಾಯಾಳುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ಕೊಟ್ಟಾಗ ಮೊದಲ ದಿನ ರಕ್ತಸ್ರಾವದಿಂದ ಸತ್ತವರು ಕಡಿಮೆಯಾದರು. ಒಂದು ತಿಂಗಳ ಒಟ್ಟು ಸಾವುಗಳಲ್ಲಿ ಮಾತ್ರ ಖಚಿತವಾದ ಅಂತರ ಕಾಣಲಿಲ್ಲ. ಕೆಲವು ಆಸ್ಪತ್ರೆಗಳು ಇಡೀ ರಕ್ತವನ್ನೇ ಮತ್ತೆ ಬಳಸತೊಡಗಿವೆ. ಯಾವುದು ಮೇಲೆಂಬ ಪರಿಶೀಲನೆ ಮುಗಿದಿಲ್ಲ.

ರೋಗಿಯ ಹಿತಕ್ಕಾಗಿ ರಕ್ತವನ್ನು ವಿಂಗಡಿಸುವುದು ವಿಜ್ಞಾನ; ದಾನಿಯ ಮೈಬಣ್ಣ ನೋಡಿ ವಿಂಗಡಿಸುವುದು ಅಜ್ಞಾನ. ಮೊದಲನೆಯದನ್ನು ಬೆಳೆಸಿ, ಎರಡನೆಯದನ್ನು ಎದುರಿಸಿದ ಚಾರ್ಲ್ಸ್ ಡ್ರೂ ಅವರ ಬಾಳು ಎಲ್ಲ ಕಾಲಕ್ಕೂ ಸ್ಮರಣೀಯ.