ಲೋಕನಾಯಕ ಜಯಪ್ರಕಾಶ ನಾರಾಯಣ

ಜಯಪ್ರಕಾಶ ನಾರಾಯಣರು 1902ರ ಅಕ್ಟೋಬರ್ 11ರಂದು ಸಿತಾಬ್‌ದಿಯಾರಾ ಗ್ರಾಮದಲ್ಲಿ ಜನಿಸಿದರು. ಅಮೆರಿಕದಲ್ಲಿ ಕೂಲಿ ಮಾಡಿಕೊಂಡೇ ಓದಿದರು. 1942ರಲ್ಲಿ ಹಜಾರಿಬಾಗ್ ಜೈಲಿನ ಗೋಡೆ ಹಾರಿ ಸ್ವಾತಂತ್ರ್ಯ ಹೋರಾಟ ಮುಂದುವರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಪಕ್ಷ ರಾಜಕೀಯ ತೊರೆದು ಭೂದಾನ ಚಳವಳಿ ಸೇರಿದರು.

1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ತಮ್ಮ ಚಳವಳಿಗೆ ನಾಯಕರಾಗಿ ಎಂದು ಕೇಳಿದಾಗ, ಹಿಂಸೆ ಕೂಡದೆಂಬ ಷರತ್ತಿನ ಮೇಲೆ ಒಪ್ಪಿದರು. ಪಟ್ನಾದಲ್ಲಿ ಮೌನ ಮೆರವಣಿಗೆ ನಡೆಸಿದರು. ಅದೇ ಏಪ್ರಿಲ್‌ನಲ್ಲಿ ಪಕ್ಷಭೇದವಿಲ್ಲದ 'ಪ್ರಜಾಪ್ರಭುತ್ವಕ್ಕಾಗಿ ನಾಗರಿಕರು' ಎಂಬ ಸಂಘಟನೆ ಕಟ್ಟಿದರು. ಚುನಾವಣಾ ಸುಧಾರಣೆಗಾಗಿ ಅವರು ನೇಮಿಸಿದ ಸಮಿತಿಗೆ ಮಾಜಿ ನ್ಯಾಯಮೂರ್ತಿ ವಿ.ಎಂ. ತಾರ್ಕುಂಡೆ ಅಧ್ಯಕ್ಷರು, ಕಾನೂನು ತಜ್ಞ ಎ.ಜಿ. ನೂರಾನಿ ಒಬ್ಬ ಸದಸ್ಯರು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಬೇಕು, ಚುನಾವಣಾ ಆಯೋಗದಲ್ಲಿ ಮೂವರು ಸದಸ್ಯರಿರಬೇಕು ಎಂದು 1975ರಲ್ಲಿ ಸಮಿತಿ ಶಿಫಾರಸು ಮಾಡಿತು.

ಆ ಜೂನ್‌ನಲ್ಲೇ ತುರ್ತು ಪರಿಸ್ಥಿತಿ ಜಾರಿಯಾಯಿತು. ಜೈಲು ಸೇರಿದ ಜೆಪಿಯವರ ಮೂತ್ರಪಿಂಡಗಳು ಕೆಟ್ಟವು. 1977ರಲ್ಲಿ ಜನತಾ ಪಕ್ಷ ಗೆದ್ದರೂ ಅವರು ಯಾವ ಪದವಿಯನ್ನೂ ಸ್ವೀಕರಿಸಲಿಲ್ಲ. 1979ರ ಅಕ್ಟೋಬರ್ 8ರಂದು ತೀರಿಕೊಂಡರು.

ಹತ್ತು ವರ್ಷಗಳ ನಂತರ, 1989ರಲ್ಲಿ, 18 ತುಂಬಿದವರಿಗೆ ಮತದಾನದ ಹಕ್ಕು ದೊರೆಯಿತು. ಅದನ್ನು ನೋಡಲು ಅವರಿರಲಿಲ್ಲ. ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ನಮ್ಮಲ್ಲಿ ಹಲವರಿಗೆ 18 ತುಂಬುತ್ತದೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ಗೌರವ.